ನಿಮಗಿದು ಗೊತ್ತೆ? ಎಣ್ಣೆಗಾಯಿಗೆ ಯಾವ ವೈನು?

ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆಯನ್ನು ಕೂಡಿಸಿಕೊಳ್ಳುವ ಕೃಷ್ಣೆಯ ಹೆಸರು ವೈನಿನ ನಕ್ಷೆಯಲ್ಲೂ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ದ್ರಾಕ್ಷಿ ಸೀಮೆಯೇ ‘ಕೃಷ್ಣಾ ಕಣಿವೆ’. ರಾಜ್ಯ ಸರ್ಕಾರದ ವೈನ್ ನೀತಿ ಬಂದದ್ದು 2007ರಲ್ಲಿ. ಇಲ್ಲಿನ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ದೆಯಿಲ್ಲ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟ್ನಿ (ಅಂದರೆ ಕಡ್ಡಿ ಸವರುವುದು). ಹಣ್ಣು ಮಾತ್ರ ಒಂದೇ ಬೆಳೆ.

ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂಬ ದೊಡ್ಡ ಹೋಟೆಲುಗಳ ಸೂತ್ರ ನಮ್ಮ ಖಾರದ ಮುಂದೆ ನಡೆಯದು. ಕೆಂಪು ವೈನಿನ ಒಗರು (ಅದೇ ಟ್ಯಾನಿನ್) ಮತ್ತು ಮದ್ಯಸಾರ ಎರಡೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ. ಜೋಳದ ರೊಟ್ಟಿ, ಕೆಂಪು ಖಾರದ ಚಟ್ನಿಗೆ ತುಸು ಸಿಹಿಯಾದ, ತಣ್ಣಗಿನ ಬಿಳಿ ವೈನು ಶೆನಿನ್ ಬ್ಲಾಂಕ್ ಹಿತ. ಎಣ್ಣೆಗಾಯಿ ಬದನೆಯ ಮಾತೇ ಬೇರೆ: ಶೇಂಗಾ, ಗುರೆಳ್ಳಿನ ಜಿಡ್ಡು ಒಗರನ್ನು ಮೆತ್ತಗಾಗಿಸುತ್ತದೆ. ಖಾರ ಹದವಾಗಿದ್ದರೆ ಕೆಂಪು ವೈನು ಶಿರಾಜ್ ಕೂಡ ನಡೆದೀತು.

ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆನ್ನುವುದು ತಂಪು ದೇಶದ ಮಾತು, ಅದರ ಅರ್ಥ 16ರಿಂದ 18 ಡಿಗ್ರಿ. ಬೀಳಗಿಯ ಬೇಸಿಗೆಯಲ್ಲಾದರೆ ಬಾಟಲಿಯನ್ನು ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.