ಸೀಟು ತಪ್ಪಿದವರಿಗೆ ಉಚಿತ ಟಿಕೆಟ್: ವೋಚರ್ ಪಡೆಯುವ ಮುನ್ನ

ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಒಂದೇ ಜೋಡಿ ಎತ್ತಿಗೆ ಇಬ್ಬರಿಂದ ಮುಂಗಡ ಹಿಡಿದವನಿಗೆ ಮರುವರ್ಷ ಅಲ್ಲಿ ಯಾರೂ ಹಗ್ಗ ಹಿಡಿಯಗೊಡುವುದಿಲ್ಲ. ಎರಡನೆಯವನು ಹಣ ಕಟ್ಟಿ ಎತ್ತು ಹೊಡೆದುಕೊಂಡು ಹೋಗಲು ಬಂದಾಗ, 'ಈ ಜೋಡಿ ಹೋಯಿತು, ಮುಂದಿನ ಜಾತ್ರೆಗೆ ಬನ್ನಿ, ಒಂದು ಜೋಡಿ ಬಿಟ್ಟಿಯಾಗಿ ಕೊಡುತ್ತೇನೆ' ಎಂದರೆ ಏನು ನಡೆಯುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ವಿಮಾನಯಾನದ ವ್ಯವಹಾರದಲ್ಲಿ ಇದೇ ಕ್ರಮವು ಜಗತ್ತಿನಾದ್ಯಂತ ಒಪ್ಪಿತ ಪದ್ಧತಿಯಾಗಿದೆ. ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರುವುದು, ಎಲ್ಲರೂ ಬಂದುಬಿಟ್ಟರೆ ಕೆಲವರನ್ನು ಕೆಳಗುಳಿಸುವುದು, ಅವರ ಕೈಗೆ 'ಮುಂದಿನ ಪ್ರಯಾಣ ಉಚಿತ' ಎಂಬ ವೋಚರ್ ಕೊಟ್ಟು ಸಮಾಧಾನಪಡಿಸುವುದು. ಆ ವೋಚರನ್ನು ಹಿಡಿದು ಮರಳಿ ಬಂದವರಿಗೆ ಸೀಟು ಸಿಗುವುದು ಎಷ್ಟು ಕಷ್ಟವೆಂಬುದೇ ಈ ಲೇಖನದ ವಿಷಯ.

ಇದು ದೊಡ್ಡ ಉದ್ಯಮಿಗಳ ಚಿಂತೆ ಎಂದು ಕಡೆಗಣಿಸುವ ಕಾಲ ಹೋಯಿತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಆರಂಭಿಸಿದ ಮೇಲೆ ಸಣ್ಣ ವರ್ತಕರೂ ವಿಮಾನದ ಮೆಟ್ಟಿಲು ಹತ್ತಿದರು. ಇಂದು ದೆಹಲಿಯ ಆಜಾದ್‌ಪುರ ಮಂಡಿಯ ಬಾಕಿ ವಸೂಲಿಗೆ ಹೋಗುವ ಹುಣಸೂರು, ಹೆಗ್ಗಡದೇವನಕೋಟೆಯ ಶುಂಠಿ ವರ್ತಕರು, ತಂಬಾಕು ಮಂಡಳಿಯ ಕೆಲಸಕ್ಕಾಗಿ ಗುಂಟೂರಿನತ್ತ ಹೊರಡುವವರು, ಯಂತ್ರ ನೋಡಿಬರಲು ಹೊರಡುವ ಕೃಷ್ಣರಾಜನಗರದ ಅಕ್ಕಿ ಗಿರಣಿಯವರು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಟಿಬೆಟಿಯನ್ ವ್ಯಾಪಾರಿಗಳು, ಇವರೆಲ್ಲರೂ ವಿಮಾನದ ಗಿರಾಕಿಗಳೇ. ಇವರಿಗೆ ಒಂದು ದಿನ ತಪ್ಪಿದರೆ ಹೋಗುವುದು ಟಿಕೆಟ್ ಹಣವಷ್ಟೇ ಅಲ್ಲ. ವಸೂಲಿಯೂ ಹೋಗಬಹುದು, ಕರಾರೂ ಹೋಗಬಹುದು.

ಹೆಚ್ಚು ಟಿಕೆಟ್ ಮಾರುವುದಕ್ಕೆ ವಿಮಾನ ಸಂಸ್ಥೆಗಳು ಕೊಡುವ ಕಾರಣವು ವ್ಯಾಪಾರಿಗೆ ಅರ್ಥವಾಗದ್ದೇನಲ್ಲ. ಟಿಕೆಟ್ ಕೊಂಡವರಲ್ಲಿ ಕೆಲವರು ಬರುವುದೇ ಇಲ್ಲ. ವಿಮಾನ ಹಾರಿದ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ. ಸಂಜೆಯಾದ ಮೇಲೆ ಸೊಪ್ಪಿನ ಕಟ್ಟಿಗೆ ಆಗುವ ಗತಿಯೇ ಅದಕ್ಕೂ. ಆದ್ದರಿಂದ ಹಿಂದಿನ ಲೆಕ್ಕ ನೋಡಿ ನಾಲ್ಕಾರು ಟಿಕೆಟ್ ಹೆಚ್ಚಿಗೆ ಮಾರುತ್ತಾರೆ. ಲೆಕ್ಕ ತಪ್ಪಿದ ದಿನ ಯಾರನ್ನು ಕೆಳಗುಳಿಸಬೇಕು, ಅವರಿಗೆ ಏನು ಕೊಡಬೇಕು ಎಂಬುದು ಬಹುಕಾಲ ಸಂಸ್ಥೆಗಳ ಮರ್ಜಿಗೆ ಬಿಟ್ಟ ಸಂಗತಿಯಾಗಿತ್ತು. 1972ರ ಏಪ್ರಿಲ್‌ನಲ್ಲಿ ಅಮೆರಿಕದ ಅಲೆಘೆನಿ ಸಂಸ್ಥೆಯು ಹೀಗೆ ಕೆಳಗುಳಿಸಿದವರಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರೂ ಒಬ್ಬರಾದದ್ದು ಆ ಸಂಸ್ಥೆಯ ದುರದೃಷ್ಟ. ವ್ಯಾಜ್ಯವು ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1976ರಲ್ಲಿ ಅವರ ದಾವೆಗೆ ಅಡ್ಡಿಯಿಲ್ಲವೆಂದು ತೀರ್ಪಾಯಿತು. ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರು, ಬಲವಂತವಾಗಿ ಇಳಿಸುವ ಬದಲು 'ಯಾರು ಎಷ್ಟಕ್ಕೆ ಸೀಟು ಬಿಟ್ಟುಕೊಡುತ್ತೀರಿ' ಎಂದು ಹರಾಜು ಕೇಳುವಂತೆ ಮೊದಲೇ ಸಲಹೆ ಮಾಡಿದ್ದರು. 1978ರಲ್ಲಿ ಅಮೆರಿಕ ಸರ್ಕಾರ ಸ್ವಇಚ್ಛೆಯಿಂದ ಸೀಟು ಬಿಡುವವರನ್ನು ಮೊದಲು ಕೇಳಬೇಕೆಂಬ ನಿಯಮ ತಂದಿತು. ನಗದು ಕೊಡುವುದಕ್ಕಿಂತ ತನ್ನದೇ ಖಾಲಿ ಸೀಟು ಕೊಡುವುದು ಅಗ್ಗವೆಂದು ಸಂಸ್ಥೆಗಳು ಅರಿತ ಮೇಲೆ ಉಚಿತ ಟಿಕೆಟ್ಟಿನ ವೋಚರ್ ಎಲ್ಲೆಡೆ ಹಬ್ಬಿತು.

ನಮ್ಮ ಲೆಕ್ಕಪುಸ್ತಕದಲ್ಲಿ ವೋಚರ್ ಎಂದರೆ ಹಣ ಕೊಟ್ಟಿದ್ದಕ್ಕೆ ಸಾಕ್ಷಿ. ವಿಮಾನ ಸಂಸ್ಥೆಯ ವೋಚರ್ ಹಣ ಕೊಡದಿದ್ದುದಕ್ಕೆ ಸಾಕ್ಷಿ.

ನಿಯಮ ಹೇಳುವುದೇನು?

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, 2010ರ ಆಗಸ್ಟ್‌ನಲ್ಲಿ ಈ ಬಗ್ಗೆ ನಿಯಮ ಹೊರಡಿಸಿತು. ಪರಿಹಾರದ ಮೊತ್ತವನ್ನು ಹೆಚ್ಚಿಸಿದ ಪರಿಷ್ಕೃತ ನಿಯಮ 2016ರ ಆಗಸ್ಟ್ 1ರಿಂದ ಜಾರಿಗೆ ಬಂತು. ಇದರಲ್ಲಿ ಎರಡು ಬಗೆಯ ಪ್ರಯಾಣಿಕರಿದ್ದಾರೆ. ಇವರ ನಡುವಿನ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯವರು ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಡುವವರು. ಇವರಿಗೆ ಏನು ಕೊಡಬೇಕೆಂಬುದು ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು. ಎರಡನೆಯವರು ಖಚಿತ ಟಿಕೆಟ್ ಹೊಂದಿ ಸಮಯಕ್ಕೆ ಸರಿಯಾಗಿ ಹಾಜರಾಗಿದ್ದರೂ, ತಮ್ಮ ಇಚ್ಛೆಗೆ ವಿರುದ್ಧವಾಗಿ ಸೀಟು ಕಳೆದುಕೊಂಡವರು. ಇವರಿಗೆ ಮೂಲ ವೇಳೆಯಿಂದ 1 ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಒದಗಿಸಿದರೆ ಪರಿಹಾರವಿಲ್ಲ. 24 ಗಂಟೆಯೊಳಗಿನ ವಿಮಾನವಾದರೆ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತದ ಶೇ. 200, ಗರಿಷ್ಠ ಮಿತಿ 10,000 ರೂಪಾಯಿ. 24 ಗಂಟೆ ಮೀರಿದರೆ ಶೇ. 400, ಮಿತಿ 20,000 ರೂಪಾಯಿ. ಬೇರೆ ವಿಮಾನವೇ ಬೇಡವೆಂದರೆ ಟಿಕೆಟ್ಟಿನ ಪೂರ್ಣ ಹಣ ವಾಪಸು ಮತ್ತು ಅದರ ಮೇಲೆ ಶೇ. 400, ಮಿತಿ ಮತ್ತೆ 20,000 ರೂಪಾಯಿ. ಒಂದು ಲೆಕ್ಕ ಹಾಕಿ ನೋಡೋಣ. ಮೂಲ ದರ 3,000, ಇಂಧನ ಶುಲ್ಕ 600 ಎಂದಿಟ್ಟುಕೊಳ್ಳಿ. ಮರುದಿನ ಬೆಳಗಿನ ವಿಮಾನಕ್ಕೆ ಕಳುಹಿಸಿದರೆ 7,200 ರೂಪಾಯಿ; ಅದರ ಮುಂದಿನ ದಿನಕ್ಕೆ ತಳ್ಳಿದರೆ 14,400 ರೂಪಾಯಿ.

ಮರುದಿನದ ಸೀಟಿನ ಜೊತೆಗೆ ಈ ಹಣವೂ ಬರಬೇಕಾದವರ ಮುಂದೆ ಕೌಂಟರಿನಲ್ಲಿ ಒಂದು ಕಾಗದ ಬರುತ್ತದೆ. 'ಒಂದು ಉಚಿತ ಟಿಕೆಟ್ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ' ಎನ್ನಲಾಗುತ್ತದೆ. ಆ ಕಾಗದದಲ್ಲಿ 'ನಾನು ಸ್ವಇಚ್ಛೆಯಿಂದ ಸೀಟು ಬಿಟ್ಟಿದ್ದೇನೆ' ಎಂಬ ಒಂದು ಸಾಲಿದ್ದರೆ ಎರಡನೆಯ ಬಗೆಯವರು ಮೊದಲನೆಯ ಬಗೆಗೆ ಸೇರಿಹೋಗುತ್ತಾರೆ. ಹಕ್ಕಿನಿಂದ ಕೇಳಬೇಕಾಗಿದ್ದ ಹಣ ಸಂಸ್ಥೆಯ ಔದಾರ್ಯವಾಗಿ ಮಾರ್ಪಡುತ್ತದೆ. ಯೂರೋಪಿನಲ್ಲಿ 2005ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಪರಿಹಾರವನ್ನು ನಗದು ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು; ಪ್ರಯಾಣಿಕನು ಸಹಿ ಮಾಡಿ ಒಪ್ಪಿದರೆ ಮಾತ್ರ ವೋಚರ್. ಅಲ್ಲಿಯೂ ಎಲ್ಲವೂ ಸಹಿಯ ಮೇಲೆಯೇ ನಿಂತಿದೆಯೆಂಬುದನ್ನು ಗಮನಿಸಬೇಕು.

ನಿಯಮವಿದ್ದ ಮಾತ್ರಕ್ಕೆ ಹಣ ತಾನಾಗಿ ಬರುತ್ತದೆಂದು ಭಾವಿಸಬಾರದು. 2022ರ ಜೂನ್‌ನಲ್ಲಿ ಡಿಜಿಸಿಎಯು ಬೆಂಗಳೂರು, ಹೈದರಾಬಾದ್ ಮತ್ತು ದೆಹಲಿಯ ನಿಲ್ದಾಣಗಳಲ್ಲಿ ತಪಾಸಣೆ ನಡೆಸಿದ ನಂತರ, ಸೀಟು ನಿರಾಕರಿಸಿ ಪರಿಹಾರ ಕೊಡದ ಕಾರಣಕ್ಕೆ ಏರ್ ಇಂಡಿಯಾಕ್ಕೆ 10 ಲಕ್ಷ ರೂಪಾಯಿ ದಂಡ ವಿಧಿಸಿತು. ಪ್ರಯಾಣಿಕರಿಗೆ ಕೊಡಬೇಕಾದ ಪರಿಹಾರ, ಸೌಲಭ್ಯಗಳ ವಿಷಯದಲ್ಲಿಯೇ 2023ರ ನವೆಂಬರ್‌ನಲ್ಲಿ ಅದೇ ಸಂಸ್ಥೆಗೆ ಮತ್ತೆ 10 ಲಕ್ಷ ದಂಡ ಬಿತ್ತು. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ಸೀಟು ತಪ್ಪಿದವರಿಗಲ್ಲ.

ವೋಚರಿನ ಹಿಂಬದಿಯ ಅಕ್ಷರಗಳು

ಉಚಿತ ಟಿಕೆಟ್ಟಿನ ವೋಚರುಗಳಲ್ಲಿ ಎರಡು ಜಾತಿ. ಇಂತಿಷ್ಟು ರೂಪಾಯಿ ಎಂದು ಬರೆದದ್ದು ಒಂದು, 'ಒಂದು ಪ್ರಯಾಣ' ಎಂದು ಬರೆದದ್ದು ಇನ್ನೊಂದು. ನೋಡಲು ಎರಡನೆಯದು ಉದಾರವಾಗಿ ಕಾಣುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ ಅದೇ. ಪ್ರತಿ ವಿಮಾನದಲ್ಲಿಯೂ ಅಗ್ಗದ ಸೀಟುಗಳಿಗೆ ಒಂದು ಪಾಲು ಇರುವಂತೆ ಉಚಿತ ಸೀಟುಗಳಿಗೂ ಒಂದು ಪಾಲನ್ನು ಸಂಸ್ಥೆ ಗೊತ್ತುಮಾಡಿರುತ್ತದೆ. ಅದು ಎರಡೋ ಮೂರೋ ಇರಬಹುದು, ಇಲ್ಲದೆಯೂ ಇರಬಹುದು. ಹಣ ಕೊಡುವವರಿಗೆ ಹತ್ತು ಸೀಟು ಖಾಲಿ ಇರುವ ವಿಮಾನದಲ್ಲಿಯೇ ವೋಚರಿನವರಿಗೆ 'ಸೀಟಿಲ್ಲ' ಎಂಬ ಉತ್ತರ ಬರುವುದು ಇದರಿಂದ. ದಸರಾ, ದೀಪಾವಳಿ, ವರ್ಷಾಂತ್ಯದ ದಿನಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ತೆರಿಗೆ, ನಿಲ್ದಾಣ ಶುಲ್ಕಗಳು ವೋಚರಿನಲ್ಲಿ ಅಡಕವಾಗಿರದೆ, 'ಉಚಿತ' ಟಿಕೆಟ್ಟಿಗೂ ಕೈಯಿಂದ ಹಣ ಕಟ್ಟಬೇಕಾಗಬಹುದು. ರೂಪಾಯಿ ಬರೆದ ವೋಚರಿನಲ್ಲಿಯೂ 8,000ದ ವೋಚರಿಗೆ 5,500ರ ಟಿಕೆಟ್ ಕೊಂಡರೆ ಉಳಿದ 2,500 ಅಲ್ಲಿಗೇ ಮುಗಿಯುವ ಷರತ್ತು ಇರಬಹುದು. ಹೆಸರು ಬದಲಾಯಿಸುವಂತಿಲ್ಲ, ದಿನಾಂಕ ಬದಲಾಯಿಸುವಂತಿಲ್ಲ ಎಂಬ ಷರತ್ತುಗಳಿದ್ದರೆ ಆ ಸಂಖ್ಯೆ ವರ್ತಕನ ಕೈಯಲ್ಲಿ ಬಹುಮಟ್ಟಿಗೆ ನಿರುಪಯೋಗಿ, ಏಕೆಂದರೆ ವರ್ತಕನ ಪ್ರಯಾಣದ ದಿನವನ್ನು ಗೊತ್ತುಮಾಡುವವನು ಎದುರು ಪಾರ್ಟಿ.

ಇವೆಲ್ಲಕ್ಕಿಂತ ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಭಾರವಾಗುವ ಷರತ್ತೆಂದರೆ, ವೋಚರನ್ನು ಅಂತರ್ಜಾಲದಲ್ಲಿ ಬಳಸಲಾಗದೆ ಸಂಸ್ಥೆಯ ಕಚೇರಿ ಅಥವಾ ನಿಲ್ದಾಣದ ಕೌಂಟರಿನಲ್ಲಿಯೇ ಹಾಜರುಪಡಿಸಬೇಕೆಂಬುದು. ಮಂಡಕಳ್ಳಿಯ ಮೈಸೂರು ನಿಲ್ದಾಣದ ರನ್‌ವೇ 1,740 ಮೀಟರ್. ಅಲ್ಲಿಗೆ ಬರುವುದು ಸಣ್ಣ ವಿಮಾನಗಳು. ದೂರದ ಊರುಗಳಿಗೆ ಹೊರಡುವವರು ದೇವನಹಳ್ಳಿಗೋ, ಇಲ್ಲವೇ ವಿರಾಜಪೇಟೆ, ಮಾಕುಟ್ಟ ಘಾಟಿಯ ದಾರಿಯಾಗಿ ಕಣ್ಣೂರಿನ ಮಟ್ಟನ್ನೂರಿಗೋ ಹೋಗಬೇಕು. ಚುಂಚನಕಟ್ಟೆಯಿಂದ ದೇವನಹಳ್ಳಿಗೆ 200 ಕಿ.ಮೀ. ಮೀರಿದ ಹಾದಿ. ಉಚಿತ ಟಿಕೆಟ್ ಬರೆಸಿಕೊಳ್ಳಲು ಒಮ್ಮೆ, ಪ್ರಯಾಣಕ್ಕೆ ಇನ್ನೊಮ್ಮೆ ಅಷ್ಟು ದೂರ ಹೋಗಿಬರುವ ಡೀಸೆಲ್, ಟೋಲ್ ಮತ್ತು ಒಂದು ದಿನದ ಅಂಗಡಿ ಬಾಗಿಲನ್ನು ಲೆಕ್ಕಕ್ಕೆ ಹಿಡಿದರೆ ವೋಚರಿನಲ್ಲಿ ಉಳಿಯುವುದೆಷ್ಟು?

ಉಚಿತ ಟಿಕೆಟ್ ಹಂಚುವವರಿಗೂ ಅದು ಲಾಭದ ಬಾಬೇ ಆಗಬೇಕೆಂದಿಲ್ಲ. 1992ರಲ್ಲಿ ಬ್ರಿಟನ್ನಿನ ಹೂವರ್ ಕಂಪನಿಯು 100 ಪೌಂಡಿನ ಸಾಮಾನು ಕೊಂಡವರಿಗೆ ಎರಡು ವಿಮಾನ ಟಿಕೆಟ್ ಉಚಿತವೆಂದು ಸಾರಿತು. ಅರ್ಜಿ, ಮರುಅರ್ಜಿ, ದಿನಾಂಕಗಳ ತೊಡಕಿನಲ್ಲಿ ಬಹುಮಂದಿ ಕೈಬಿಡುತ್ತಾರೆಂಬುದು ಅದರ ಎಣಿಕೆ. ಜನ ಬಿಡಲಿಲ್ಲ, ಕೋರ್ಟಿಗೂ ಹೋದರು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ಹೊರೆ ಬಿತ್ತು. ಡೀಲರುಗಳಿಗೆ ಬ್ಯಾಂಕಾಕ್ ಪ್ರವಾಸದ ಸ್ಕೀಮು ಪ್ರಕಟಿಸುವ ನಮ್ಮ ತಯಾರಕ ಮಿತ್ರರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಸಂಸ್ಥೆಯೇ ನಿಂತುಹೋದರೆ?

ವೋಚರ್ ಒಂದು ಸಾಲಪತ್ರ. ಬಡ್ಡಿಯಿಲ್ಲದ, ಭದ್ರತೆಯಿಲ್ಲದ, ಗಡುವು ಮೀರಿದರೆ ಸಾಲಗಾರನೇ ಗೆಲ್ಲುವ ವಿಚಿತ್ರ ಸಾಲಪತ್ರ. ಸಾಲಗಾರನ ಬಂಡವಾಳ ನೋಡದೆ ನಾವು ಯಾರಿಗೂ ಮಾಲು ಕೊಡುವುದಿಲ್ಲ. 2010ರಲ್ಲಿ ಮಂಡಕಳ್ಳಿಗೆ ವಿಮಾನ ತಂದ ಕಿಂಗ್‌ಫಿಷರ್ ಮರುವರ್ಷವೇ ಇಲ್ಲಿನ ಸೇವೆ ನಿಲ್ಲಿಸಿತು. 2012ರ ಅಕ್ಟೋಬರ್‌ನಲ್ಲಿ ಅದರ ಪರವಾನಗಿಯೇ ಅಮಾನತಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಸಮಾಪನಕ್ಕೆ ಆದೇಶಿಸಿತು. ಗೋ ಫಸ್ಟ್ 2023ರ ಮೇ 3ರಂದು ನಿಂತಿತು. ದಿವಾಳಿ ಸಂಹಿತೆಯ ಸರದಿಯಲ್ಲಿ ಬ್ಯಾಂಕುಗಳು, ಕಾರ್ಮಿಕರು, ಸರ್ಕಾರ ಮುಂದೆ. ಭದ್ರತೆಯಿಲ್ಲದ ಪ್ರಯಾಣಿಕ ಬಹಳ ಹಿಂದೆ.

ಕೋವಿಡ್ ಕಾಲದಲ್ಲಿ ಇಡೀ ದೇಶವೇ ಈ ಪಾಠ ಕಲಿಯಬೇಕಾಯಿತು. 2020ರ ಮಾರ್ಚ್‌ನಲ್ಲಿ ಹಾರಾಟ ನಿಂತಾಗ ಸಂಸ್ಥೆಗಳು ಟಿಕೆಟ್ ಹಣವನ್ನು ಹಿಂದಿರುಗಿಸದೆ 'ಕ್ರೆಡಿಟ್ ಶೆಲ್' ಎಂಬ ಹೆಸರಿನಲ್ಲಿ ತಮ್ಮಲ್ಲಿಯೇ ಇಟ್ಟುಕೊಂಡವು. ಹಾಗೆ ಇಡುವುದು ಪ್ರಯಾಣಿಕನ ಆಯ್ಕೆಯೇ ಹೊರತು ಸಂಸ್ಥೆಯ ರೂಢಿಯಾಗಕೂಡದೆಂದು 2016ರ ಮರುಪಾವತಿ ನಿಯಮ ಹೇಳಿತ್ತು. ಪ್ರವಾಸಿ ಲೀಗಲ್ ಸೆಲ್ ಹೂಡಿದ ಪ್ರಕರಣದಲ್ಲಿ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಮರುಪಾವತಿಯ ಕ್ರಮವನ್ನು ಗೊತ್ತುಮಾಡಿತು. ಆರ್ಥಿಕ ಸಂಕಷ್ಟದಲ್ಲಿರುವ ಸಂಸ್ಥೆ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಇಡಬಹುದು. ಆದರೆ ಅದನ್ನು ಯಾವ ಮಾರ್ಗಕ್ಕಾದರೂ ಬಳಸಲು, ಬೇರೆಯವರಿಗೆ ವರ್ಗಾಯಿಸಲು ಅವಕಾಶವಿರಬೇಕು. 2020ರ ಜೂನ್‌ವರೆಗೆ ತಿಂಗಳಿಗೆ ಶೇ. 0.5ರಂತೆ, ನಂತರ ಶೇ. 0.75ರಂತೆ ಅದರ ಮೌಲ್ಯ ಬೆಳೆಯಬೇಕು. ಕೊನೆಗೂ ಬಳಸದಿದ್ದರೆ ಹಣವನ್ನೇ ಕೊಡಬೇಕು. ವೋಚರ್ ಹೇಗಿರಬೇಕೆಂದು ಯಾರಾದರೂ ಕೇಳಿದರೆ ಈ ಆದೇಶವನ್ನು ತೋರಿಸಬಹುದು.

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದಾಗ ಸಚಿವಾಲಯವು ಬಾಕಿ ಮರುಪಾವತಿಗೆ ಡಿಸೆಂಬರ್ 7ರ ಗಡುವು ವಿಧಿಸಿತು. ತೀವ್ರ ತೊಂದರೆಗೊಳಗಾದವರಿಗೆ 10,000 ರೂಪಾಯಿಯ ವೋಚರುಗಳನ್ನು ಸಂಸ್ಥೆ ಘೋಷಿಸಿತು, ಬಳಸಲು 12 ತಿಂಗಳ ಅವಧಿಯೊಡನೆ. ಮರುಪಾವತಿ, ನಿಯಮದ ಪರಿಹಾರ, ವೋಚರ್ ಎಂಬ ಮೂರು ಬೇರೆ ಬೇರೆ ಬಾಬುಗಳೆಂಬುದು ಅಲ್ಲಿ ಸ್ಪಷ್ಟವಾಯಿತು. ಒಂದು ಬಂದ ಮಾತ್ರಕ್ಕೆ ಇನ್ನೊಂದು ಸಂದಾಯವಾದಂತಲ್ಲ.

ಅಂಗಡಿಯ ಹೆಸರಿನ ಟಿಕೆಟ್, ಆಳಿನ ಹೆಸರಿನ ವೋಚರ್

ಹಣ ಕೊಟ್ಟವರು ಮಾಲೀಕರು, ಜಿಎಸ್‌ಟಿ ಸಂಖ್ಯೆ ಸಂಸ್ಥೆಯದು, ಪ್ರಯಾಣ ಮಾಡಿದವರು ಗುಮಾಸ್ತರು. ವೋಚರ್ ಬರುವುದು ಗುಮಾಸ್ತರ ಹೆಸರಿಗೆ. ಅವರು ಕೆಲಸ ಬಿಟ್ಟರೆ ಅದೂ ಅವರೊಂದಿಗೆ ಹೊರಡುತ್ತದೆ. ನಗದು ಪರಿಹಾರವಾದರೆ ಲೆಕ್ಕಕ್ಕೆ ತರುವುದು ಸುಲಭ. ಈ ಕಾರಣಕ್ಕಾದರೂ ನೌಕರರನ್ನು ಕಳುಹಿಸುವಾಗ 'ಸಹಿ ಮಾಡುವ ಮುನ್ನ ಫೋನ್ ಮಾಡಿ' ಎಂದು ಹೇಳಿ ಕಳುಹಿಸಬೇಕು. ಕೌಂಟರಿನಲ್ಲಿ ಕೇಳಬೇಕಾದದ್ದು ಇಷ್ಟೇ: ಸೀಟು ನಿರಾಕರಿಸಿದ್ದಕ್ಕೆ ಲಿಖಿತ ಕಾರಣ, ಬದಲಿ ವಿಮಾನದ ವೇಳೆ, ಪರಿಹಾರದ ಮೊತ್ತ. ಬರೆದುಕೊಡದಿದ್ದರೆ ಅಲ್ಲಿಂದಲೇ ಸಂಸ್ಥೆಗೆ ಇಮೇಲ್ ಕಳುಹಿಸಿದರೆ ವೇಳೆಯಾದರೂ ದಾಖಲಾಗುತ್ತದೆ.

ನಂತರದ ಹೆಜ್ಜೆಗಳಲ್ಲಿ ವಿಮಾನಯಾನ ಸಚಿವಾಲಯದ ಏರ್‌ಸೇವಾ ಮತ್ತು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಮೊದಲಿನವು. ಅಲ್ಲಿಯೂ ತೀರದಿದ್ದರೆ ಗ್ರಾಹಕ ಆಯೋಗ. ಟಿಕೆಟ್ಟಿನ ಷರತ್ತಿನಲ್ಲಿ ದೂರದ ಊರಿನ ನ್ಯಾಯಾಲಯವನ್ನೇ ಹೆಸರಿಸಿದ್ದರೂ ಹೆದರಬೇಕಾಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೇ ಕಲಮಿನಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ನಮ್ಮವರು ಮೈಸೂರಿನಲ್ಲಿಯೇ, ದೂರು ಹೂಡಬಹುದು. 5 ಲಕ್ಷದವರೆಗಿನ ಬಾಬಿಗೆ ಶುಲ್ಕವಿಲ್ಲ. ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

ವರ್ತಕರಿಗೆ ಮಾತ್ರ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಕಾಯಿದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಂಸ್ಥೆಯ ವಕೀಲರು ಮೊದಲು ಎತ್ತುವ ಆಕ್ಷೇಪ ಇದೇ ಆಗಿರಬಹುದು. ಆದರೆ ಕೊಂಡವನು ವ್ಯಾಪಾರಿಯೆಂಬ ಮಾತ್ರಕ್ಕೆ ಉದ್ದೇಶ ವಾಣಿಜ್ಯವಾಗುವುದಿಲ್ಲ, ಆ ಸೇವೆಗೂ ಲಾಭ ಗಳಿಕೆಗೂ ನೇರ ಸಂಬಂಧವಿರಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಲೀಲಾವತಿ ಆಸ್ಪತ್ರೆಯ ಟ್ರಸ್ಟಿನ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ, ವ್ಯಾಪಾರ ಸಂಸ್ಥೆ ಪಡೆದ ವಿಮೆಯ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ದೂರಿನೊಂದಿಗೆ ಈ ಎರಡು ತೀರ್ಪುಗಳನ್ನು ಲಗತ್ತಿಸುವುದು ಉತ್ತಮ. ವೋಚರಿನ ಅವಧಿ ಆರು ತಿಂಗಳಿರಲಿ, ಒಂದು ವರ್ಷವಿರಲಿ, ದೂರು ಹೂಡಲು ಕಾಯಿದೆಯ 69ನೇ ಕಲಮು ಕೊಟ್ಟಿರುವ ಕಾಲ ಎರಡು ವರ್ಷ. ವೋಚರ್ ಸತ್ತ ದಿನಕ್ಕೆ ಕಾಯದೆ, ಸೀಟು ತಪ್ಪಿದ ದಿನದಿಂದಲೇ ಅದನ್ನು ಎಣಿಸಿಕೊಳ್ಳುವುದು ಕ್ಷೇಮ.