ಗಿರಾಕಿಯ ಅಳಲೂ ದೂರದರ್ಶನವೂ

ನಮ್ಮ ಉಪ್ಪಲ್‌ಗೆ ಸಮೀಪದಲ್ಲೇ ರಾಮಂತಾಪುರ. ಅಲ್ಲಿ ಹೈದರಾಬಾದ್ ದೂರದರ್ಶನ ಕೇಂದ್ರದ ಗೋಪುರ ನಿಂತಿದೆ. ಅದರ ನೆರೆಯಲ್ಲಿ ಸಂಸಾರ ಹೂಡಿರುವ ನಾವು ಧಾರಾವಾಹಿಯ ಅತ್ತೆಸೊಸೆಯರ ಜಗಳವನ್ನು ಬಲ್ಲಷ್ಟು, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನೊಡನೆ ಜಗಳವಾಡುವುದನ್ನು ಬಲ್ಲೆವೇ? ಸಂದೇಹವೇ ಸರಿ. ಈ ಎರಡನೆಯ ವಿದ್ಯೆಯನ್ನು ಕಲಿಸಲು ಕಿರುತೆರೆಯೂ ಆಗಾಗ ಹೊರಟದ್ದುಂಟು. ಕೇಂದ್ರ ಸರ್ಕಾರದ 'ಜಾಗೋ ಗ್ರಾಹಕ್ ಜಾಗೋ' ಪ್ರಚಾರ 2005ರಿಂದ ನಡೆದುಬಂದಿದೆ. ಆದರೆ ಜನರನ್ನು ನಿಜವಾಗಿ ಕುಳ್ಳಿರಿಸಿ ಕೇಳಿಸಿದ್ದು 2012ರ ಮೇ 6ರಂದು ಆರಂಭವಾದ, ಆಮಿರ್ ಖಾನರ 'ಸತ್ಯಮೇವ ಜಯತೇ'.

ಮೇ 27ರ ಭಾನುವಾರದ ಕಂತು ವೈದ್ಯವೃತ್ತಿಯನ್ನು ಕುರಿತದ್ದು. ಒಂದೇ ಔಷಧ ಕಂಪನಿಯ ಹೆಸರು ಹೊತ್ತು ಬಂದರೆ ದುಬಾರಿ, ಜೆನೆರಿಕ್ ಆಗಿ ಬಂದರೆ ಅಗ್ಗ ಎಂಬ ಗುಟ್ಟು ಅಂದು ಮನೆಮನೆಗೆ ತಿಳಿಯಿತು. ವೈದ್ಯರ ಕೆಲವು ಸಂಘಗಳು ಕ್ಷಮೆ ಕೇಳಬೇಕೆಂದು ಗದ್ದಲವೆಬ್ಬಿಸಿದವು. ಜೂನ್ ತಿಂಗಳಲ್ಲಿ ಆಮಿರರು ಸಂಸತ್ತಿನ ಸಮಿತಿಯೊಂದರ ಮುಂದೆ ಹೋಗಿ ತಮ್ಮ ಮಾತು ಹೇಳಿಬಂದರು.

ಹೈದರಾಬಾದಿನ ನಾವು ಅದನ್ನು ತೆಲುಗಿನಲ್ಲಿ ನೋಡಿದೆವು. ನಮ್ಮ ತಾಯಿಯವರು ಧಾರವಾಡದ ಕಡೆಯವರು. ತೆಲುಗೂ ಹಿಂದಿಯೂ ಅಷ್ಟಕ್ಕಷ್ಟೆ. ನಿತ್ಯ ರಕ್ತದೊತ್ತಡದ ಗುಳಿಗೆ ನುಂಗುವ ಅವರಿಗೇ ಆ ಮಾತು ಮುಟ್ಟಬೇಕಾಗಿದ್ದುದು. ನಾನು ಅರ್ಥ ಹೇಳುತ್ತ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅಲ್ಲಿ ಮೂರು ಸಾಗಿರುತ್ತಿದ್ದವು. "ಏನಂದ್ರಪಾ ಅವರು? ನನ್ನ ಗುಳಿಗೀನೂ ಅದರಾಗ ಬಂತೇನು?" ಎಂದು ಅವರ ತವಕ. ಮುಂದಿನ ತಿಂಗಳು ವೈದ್ಯರನ್ನು ಕೇಳಿ ಅಗ್ಗದ್ದನ್ನೇ ಬರೆಸಿಕೊಂಡೆವು. ಗುಳಿಗೆಯ ಖರ್ಚು ಅರ್ಧಕ್ಕೂ ಕೆಳಗಿಳಿಯಿತು.

ಹಾಗಾದರೆ ಕನ್ನಡದಲ್ಲಿ? ಡಬ್ಬಿಂಗ್ ಕೂಡದೆಂಬ ಚಿತ್ರರಂಗದ ವಿರೋಧದಿಂದ ಕನ್ನಡ ಅವತರಣಿಕೆ ಕಿರುತೆರೆಗೆ ಬರಲಿಲ್ಲ. ಎಳೆಯ ಚಿತ್ರೋದ್ಯಮವನ್ನು ಉಳಿಸಲು ಹಿರಿಯರು 1960ರ ದಶಕದಲ್ಲಿ ಹೂಡಿದ ಆ ಹಠಕ್ಕೆ ಅಂದು ಕಾರಣವಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಔಷಧದ ಬೆಲೆ ತಿಳಿಸುವ ಮಾತಿಗೂ ಅದೇ ಬೇಲಿಯೆ? ಮಗ್ಗುಲಲ್ಲಿ ಕುಳಿತು ಅರ್ಥ ಹೇಳುವವರಿಲ್ಲದ ಹಳ್ಳಿಯ ಮುದುಕಿಗೆ ಇದರಿಂದಾದ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಸ್ವಾರಸ್ಯವೆಂದರೆ, ಈ ಬೇಲಿಯನ್ನು ಪ್ರಶ್ನಿಸಿದವರೂ ಗ್ರಾಹಕರೇ. 'ಕನ್ನಡ ಗ್ರಾಹಕರ ಕೂಟ'ದ ದೂರನ್ನು ವಿಚಾರಿಸಿದ ಭಾರತೀಯ ಸ್ಪರ್ಧಾ ಆಯೋಗ, 2015ರ ಜುಲೈನಲ್ಲಿ, ಡಬ್ಬಿಂಗನ್ನು ತಡೆಯುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು. ನೋಡುವವನೂ ಗಿರಾಕಿಯೇ ಎಂಬುದು ಹೀಗೆ ಕಾಗದದ ಮೇಲೆ ಬಂತು.

ಪರಸ್ಥಳದಲ್ಲಿರುವ ನಮಗೆ ಇನ್ನೊಂದು ಅನುಕೂಲ ಆಗಿದೆ. 1986ರ ಕಾಯಿದೆಯ ಸ್ಥಾನದಲ್ಲಿ 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ತಾನು ವಾಸವಾಗಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಮಿಕ್ಸಿ ಇಲ್ಲಿ ಕೆಟ್ಟರೆ ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು, ರಸೀತಿ ಕೈಯಲ್ಲಿರಬೇಕು. ಮೊದಲು ಕೇಳಿ ತಿಳಿಯುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಹದಿನೇಳು ಭಾಷೆಗಳಲ್ಲಿ ಮಾತನಾಡಬಹುದು, ಕನ್ನಡವೂ ಅವುಗಳಲ್ಲೊಂದು.