ಹನ್ನೆರಡನೇ ತರಗತಿಯ ಹತ್ತು ಸಾಲುಗಳು

ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞ 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಹತ್ತು ಹೈಸ್ಕೂಲುಗಳ ಮಕ್ಕಳ ಮುಂದೆ ಒಂದು ಪ್ರಶ್ನೆ ಇಟ್ಟರು. ಶಾಲೆ ಬಿಟ್ಟು ಹೋದ ಮೇಲೆ ಇಲ್ಲಿಯವರು ನಿಮ್ಮನ್ನು ಯಾವುದಕ್ಕಾಗಿ ನೆನೆಯಬೇಕು? ಹುಡುಗರಿಗೆ ಕೊಟ್ಟ ಆಯ್ಕೆ ಮೂರು: ಓದಿನಲ್ಲಿ ಮುಂದಿದ್ದವ, ಆಟದಲ್ಲಿ ಮಿಂಚಿದವ, ಎಲ್ಲರಿಗೂ ಬೇಕಾದವ. ಮೂರರಲ್ಲಿ ಹೆಚ್ಚು ಗುರುತು ಬಿದ್ದದ್ದು ಆಟಕ್ಕೇ. ಹುಡುಗಿಯರ ಪಟ್ಟಿಯಲ್ಲಿ ಆಟದ ಮಾತೇ ಇರಲಿಲ್ಲ; ಆ ಜಾಗದಲ್ಲಿ 'ಚಟುವಟಿಕೆಗಳ ನಾಯಕಿ' ಎಂದಿತ್ತು. ಅವರಲ್ಲೂ ಜಾಣೆ ಅನ್ನಿಸಿಕೊಳ್ಳುವ ಆಸೆ ಹಿಂದೆ ಬಿತ್ತು. 1961ರಲ್ಲಿ ಬಂದ 'ದಿ ಅಡಾಲೆಸೆಂಟ್ ಸೊಸೈಟಿ' ಎಂಬ ಪುಸ್ತಕದಲ್ಲಿ ಕೋಲ್ಮನ್ ಇದನ್ನೆಲ್ಲ ಬರೆದರು. ಶಾಲೆ ಕಟ್ಟಿಸಿದ ದೊಡ್ಡವರ ಉದ್ದೇಶವೇ ಒಂದು, ಒಳಗಿರುವ ಮಕ್ಕಳ ಲೋಕವೇ ಇನ್ನೊಂದು ಎಂಬುದು ಅವರ ವಾದ.

ಅಮೆರಿಕದ ಹೈಸ್ಕೂಲು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ. ಕೊನೆಯ ವರ್ಷದವರು 'ಸೀನಿಯರ್'ಗಳು. ನಮ್ಮಲ್ಲಿ ಅದೇ ವಯಸ್ಸಿನವರು ದ್ವಿತೀಯ ಪಿಯುಸಿಯಲ್ಲಿದ್ದು, ಸಿಇಟಿ, ನೀಟ್ ಎಂದು ಟ್ಯೂಷನ್ ಹಿಡಿದಿರುತ್ತಾರೆ. ಕ್ರಿಕೆಟ್ ಬ್ಯಾಟು ಅಟ್ಟ ಸೇರಿರುತ್ತದೆ. ಅಲ್ಲಿ ತದ್ವಿರುದ್ಧ. ತಂಡದ ಕ್ಯಾಪ್ಟನ್ ಆಗುವುದು, ಕ್ಲಬ್ಬಿಗೆ ಅಧ್ಯಕ್ಷರಾಗುವುದು, ನಾಟಕದಲ್ಲಿ ಮುಖ್ಯ ಪಾತ್ರ ಸಿಗುವುದು ಎಲ್ಲ ಈ ವರ್ಷವೇ. ಇಯರ್‌ಬುಕ್ ಎಂಬ ವಾರ್ಷಿಕ ಸಂಚಿಕೆಗಾಗಿ ಸಹಪಾಠಿಗಳೇ ಓಟು ಹಾಕಿ, ಮುಂದೆ ಗೆಲ್ಲುವವರು ಯಾರು, ಹೆಚ್ಚು ನಗಿಸುವವರು ಯಾರು, ಉಡುಪಿನಲ್ಲಿ ಮೇಲು ಯಾರು ಎಂದು ಆರಿಸುವ ಪದ್ಧತಿ ಹಲವು ಶಾಲೆಗಳಲ್ಲಿದೆ. ಹದಿನೇಳರ ವಯಸ್ಸಿಗೇ ಒಬ್ಬರ ಸ್ವಭಾವವನ್ನು ಅಚ್ಚು ಹಾಕಿಸಿಬಿಡುವ ಧೈರ್ಯ ಅದು.

ಆಟಕ್ಕೆ ಇಷ್ಟು ಮಹತ್ವ ಬರಲು ಕಾರಣವಿದೆ. ಯೂರೋಪಿನ ಹಲವು ದೇಶಗಳಲ್ಲಿ ಹುಡುಗರು ಆಡುವುದು ಊರಿನ ಕ್ಲಬ್ಬಿಗೆ. ಶಾಲೆಗೂ ಅದಕ್ಕೂ ಸಂಬಂಧ ಕಡಿಮೆ. ಅಮೆರಿಕದಲ್ಲಿ ಶಾಲೆಯ ತಂಡವೇ ಊರಿನ ತಂಡ. ಶಾಲೆಯ ಹಣದಲ್ಲೂ ದೊಡ್ಡ ಪಾಲು ಸ್ಥಳೀಯ ತೆರಿಗೆಯದು; ನಡೆಸುವುದು ಬಹುಮಟ್ಟಿಗೆ ಊರವರೇ ಚುನಾಯಿಸಿದ ಮಂಡಳಿ. ಹಾಗಾಗಿ ಶುಕ್ರವಾರ ಸಂಜೆಯ ಫುಟ್‌ಬಾಲ್ ಪಂದ್ಯಕ್ಕೆ ಮಕ್ಕಳಿಲ್ಲದ ಮುದುಕರೂ ಬಂದು ಕೂರುತ್ತಾರೆ. ಟೆಕ್ಸಸ್‌ನ ಆಲೆನ್ ಪಟ್ಟಣ ತನ್ನ ಹೈಸ್ಕೂಲಿಗೆ ಸುಮಾರು 6 ಕೋಟಿ ಡಾಲರ್ ಸುರಿದು 18,000 ಜನ ಕೂರುವ ಸ್ಟೇಡಿಯಂ ಕಟ್ಟಿಸಿ 2012ರಲ್ಲಿ ತೆರೆಯಿತು. ಎರಡೇ ವರ್ಷದಲ್ಲಿ ಕಾಂಕ್ರೀಟು ಬಿರುಕು ಬಿಟ್ಟು, ದುರಸ್ತಿಗೆಂದು ಬಾಗಿಲು ಹಾಕಬೇಕಾಯಿತು.

ಇದೇ ಟೆಕ್ಸಸ್‌ನ ತೈಲದ ಊರು ಒಡೆಸ್ಸಾ. ಅಲ್ಲಿನ ಪರ್ಮಿಯನ್ ಹೈಸ್ಕೂಲಿನ 1988ರ ಫುಟ್‌ಬಾಲ್ ತಂಡದ ಬೆನ್ನು ಹತ್ತಿ ಪತ್ರಕರ್ತ ಎಚ್. ಜಿ. ಬಿಸಿಂಜರ್ ಬರೆದ 'ಫ್ರೈಡೇ ನೈಟ್ ಲೈಟ್ಸ್' 1990ರಲ್ಲಿ ಪ್ರಕಟವಾಯಿತು. ಆಮೇಲೆ ಅದು ಸಿನಿಮಾ ಆಯಿತು, ಟಿವಿ ಧಾರಾವಾಹಿಯೂ ಆಯಿತು. ತಂಡದ ಔಷಧಿ, ಪಟ್ಟಿಗಳ ಖರ್ಚು ಇಂಗ್ಲಿಷ್ ವಿಭಾಗದ ಪಾಠ ಸಾಮಗ್ರಿಯ ಖರ್ಚಿಗಿಂತ ಹೆಚ್ಚಿತ್ತು ಎಂಬ ಲೆಕ್ಕ ಅದರಲ್ಲಿದೆ. ಆ ವರ್ಷ ತಂಡದ ತಾರೆ ಬೂಬಿ ಮೈಲ್ಸ್ ಎಂಬ ಸೀನಿಯರ್ ಹುಡುಗ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಅವನ ಮೇಲೆ ಕಣ್ಣಿಟ್ಟಿದ್ದವು. ಋತು ಶುರುವಾಗುವ ಮೊದಲೇ ಮೊಣಕಾಲಿಗೆ ಪೆಟ್ಟಾಯಿತು. ಅಲ್ಲಿಗೆ ಎಲ್ಲ ಮುಗಿಯಿತು. ಊರು ಬೇರೆ ಆಟಗಾರನನ್ನು ಹುಡುಕಿಕೊಂಡಿತು.

ಆ ವರ್ಷದ ಸೆಮಿಫೈನಲ್‌ನಲ್ಲಿ ಪರ್ಮಿಯನ್ ತಂಡವನ್ನು ಸೋಲಿಸಿದ್ದು ಡಲ್ಲಾಸಿನ ಕಾರ್ಟರ್ ಹೈಸ್ಕೂಲು. ಪಾಸಾಗದವರು ಆಡುವಂತಿಲ್ಲ ಎಂಬ ಕಾನೂನು ಟೆಕ್ಸಸ್‌ನಲ್ಲಿ 1984ರಿಂದ ಇತ್ತು. ಕಾರ್ಟರ್‌ನ ಒಬ್ಬ ಆಟಗಾರನಿಗೆ ಬೀಜಗಣಿತದಲ್ಲಿ ನಿಜಕ್ಕೂ ಎಷ್ಟು ಅಂಕ ಬಂದಿತ್ತು ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. ರಾಜ್ಯ ಚಾಂಪಿಯನ್ ಆದ ತಂಡದ ಪಟ್ಟವನ್ನು ಕೊನೆಗೆ ಕಿತ್ತುಕೊಳ್ಳಲಾಯಿತು. ಗಣಿತದ ಒಂದು ಉತ್ತರ ಪತ್ರಿಕೆಗೆ ಊರಿಗೆ ಊರೇ ತಲೆ ಕೆಡಿಸಿಕೊಂಡಿದ್ದು ಫುಟ್‌ಬಾಲಿನ ದೆಸೆಯಿಂದ!

ಕೋಲ್ಮನ್ ಹುಡುಗಿಯರನ್ನು ಆಟದ ಬಗ್ಗೆ ಕೇಳದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. 1971-72ರಲ್ಲಿ ಇಡೀ ದೇಶದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷವೂ ಇರಲಿಲ್ಲ; ಹುಡುಗರು 36 ಲಕ್ಷ ದಾಟಿದ್ದರು. ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದು ಎನ್ನುವ 'ಟೈಟಲ್ ನೈನ್' ಕಾನೂನು ಬಂದದ್ದು 1972ರಲ್ಲಿ. ಇಂದು ಆಡುವ ಹುಡುಗಿಯರ ಸಂಖ್ಯೆ 30 ಲಕ್ಷಕ್ಕೂ ಮಿಗಿಲು. ಅಮೆರಿಕದ ಶಾಲಾ ಜೀವನವನ್ನು ಇದಕ್ಕಿಂತ ಹೆಚ್ಚು ಬದಲಿಸಿದ ಕಾನೂನು ಹುಡುಕುವುದು ಕಷ್ಟ.

ಆಟದ ಸದ್ದಿನ ನಡುವೆ ಕ್ಲಬ್ಬುಗಳದು ತಣ್ಣನೆಯ ಬದುಕು. ಚರ್ಚಾಕೂಟ, ಚೆಸ್, ಸೇವಾ ಸಂಘ, ಶಾಲಾ ಪತ್ರಿಕೆ, ಬ್ಯಾಂಡು, ಹೀಗೆ ಪಟ್ಟಿ ಬೆಳೆಯುತ್ತದೆ. ರೈತರ ಮಕ್ಕಳಿಗೆಂದು 1928ರಲ್ಲಿ ಹುಟ್ಟಿದ ಎಫ್‌ಎಫ್‌ಎ ಸಂಘ ಇವತ್ತಿಗೂ ತನ್ನ ನೀಲಿ ಕಾರ್ಡುರಾಯ್ ಜಾಕೆಟ್ಟಿಗೆ ಹೆಸರುವಾಸಿ. 1969ರವರೆಗೆ ಅದರ ರಾಷ್ಟ್ರೀಯ ಸದಸ್ಯತ್ವ ಹುಡುಗಿಯರಿಗೆ ಸಿಗುತ್ತಿರಲಿಲ್ಲ.

ಒಂದು ಕ್ಲಬ್ ಏನೆಲ್ಲ ಮಾಡಬಲ್ಲದು, ಎಲ್ಲಿ ಕೈಚೆಲ್ಲುತ್ತದೆ ಎನ್ನುವುದಕ್ಕೆ ಅರಿಜೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ಕತೆಯನ್ನು ಕೊಂಚ ವಿವರವಾಗಿ ನೋಡಬೇಕು. ಬಡ ಮೆಕ್ಸಿಕನ್ ಕುಟುಂಬಗಳ ಬಡಾವಣೆಯ ಶಾಲೆ ಅದು. ಅಲನ್ ಕ್ಯಾಮರಾನ್, ಫ್ರೆಡಿ ಲಜ್ವರ್ದಿ ಎಂಬ ಇಬ್ಬರು ಮೇಷ್ಟ್ರು ರೋಬಾಟಿಕ್ಸ್ ಕ್ಲಬ್ ನಡೆಸುತ್ತಿದ್ದರು. 2004ರಲ್ಲಿ ನೀರೊಳಗಿನ ರೋಬಾಟ್ ಸ್ಪರ್ಧೆಗೆ ನಾಲ್ವರು ಹುಡುಗರು ಸಿದ್ಧರಾದರು. ಒಬ್ಬೊಬ್ಬರದು ಒಂದೊಂದು ಥರ. ಕ್ರಿಸ್ಟಿಯನ್ ಆರ್ಸೆಗಾ ಪುಸ್ತಕದ ಹುಳು. ಲೊರೆಂಜೊ ಸಾಂಟಿಯಾನ್ ಉದ್ದ ಕೂದಲಿನ, ಬಾಯಿ ಸುಮ್ಮನಿರದ ಹುಡುಗ. ಲೂಯಿಸ್ ಅರಾಂಡಾ ದೈತ್ಯ ಮೈಕಟ್ಟಿನ ಮಿತಭಾಷಿ. ನಾಯಕ ಆಸ್ಕರ್ ವಾಸ್ಕೆಸ್ ಸೀನಿಯರ್. ನಮ್ಮ ಎನ್‌ಸಿಸಿಯಂಥ ಸೈನಿಕ ತರಬೇತಿ ಪಡೆದವನು, ಸೇನೆ ಸೇರಬೇಕೆಂದಿದ್ದವನು. ನಾಲ್ವರೂ ಚಿಕ್ಕಂದಿನಲ್ಲಿ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರು.

ಊರಲ್ಲಿ ಚಂದಾ ಎತ್ತಿದ ಸುಮಾರು 800 ಡಾಲರಿನಲ್ಲಿ ಪ್ಲಾಸ್ಟಿಕ್ ಪೈಪು ಜೋಡಿಸಿ ಅವರು ರೋಬಾಟ್ ಕಟ್ಟಿದರು. ಅಂಟಿನ ವಾಸನೆಗೆ 'ಸ್ಟಿಂಕಿ', ಎಂದರೆ ನಾತಗಾರ, ಎಂದೇ ಅದಕ್ಕೆ ಹೆಸರು. ಹೈಸ್ಕೂಲು ವಿಭಾಗ ಬಿಟ್ಟು ಕಾಲೇಜು ವಿಭಾಗಕ್ಕೇ ಹೆಸರು ಕೊಟ್ಟರು; ದೊಡ್ಡವರ ಎದುರು ಸೋತರೆ ಅವಮಾನವಿಲ್ಲವಲ್ಲ ಎಂಬುದು ಮೇಷ್ಟ್ರ ಉಪಾಯ. ಎದುರಿಗಿದ್ದವರಲ್ಲಿ ಎಂಐಟಿಯ ತಂಡವೂ ಒಂದು. ಅದರ ಬೆನ್ನಿಗೆ ಎಕ್ಸಾನ್‌ಮೊಬಿಲ್ ಕಂಪನಿಯ ಹಣವಿತ್ತು. ಸ್ಪರ್ಧೆಯ ಸ್ಥಳಕ್ಕೆ ಹೋದ ಮೇಲೆ ಬ್ಯಾಟರಿ ಇಟ್ಟಿದ್ದ ಪೆಟ್ಟಿಗೆಯೊಳಗೆ ನೀರು ಜಿನುಗತೊಡಗಿತು. ನೀರು ಹೀರಲು ಏನಿಡುವುದು? ಟ್ಯಾಂಪೂನ್! ನಾಚಿಕೊಂಡು ಅಂಗಡಿಗೆ ಹೋಗಿ ತಂದವನು ಲೊರೆಂಜೊ. ಒಟ್ಟಾರೆ ಮೊದಲ ಬಹುಮಾನ ಕಾರ್ಲ್ ಹೇಡನ್‌ಗೇ ಬಂತು.

ಮುಂದಿನದು ಸಿನಿಮಾದಷ್ಟು ಸಲೀಸಲ್ಲ. 2006ರಲ್ಲಿ ಅರಿಜೋನಾದ ಮತದಾರರು ಒಪ್ಪಿದ ಕಾನೂನಿನಿಂದ ಕಾಗದಪತ್ರವಿಲ್ಲದ ವಿದ್ಯಾರ್ಥಿಗಳಿಗೆ ಕಾಲೇಜು ಶುಲ್ಕ ವಿಪರೀತ ಏರಿತು. ಕ್ರಿಸ್ಟಿಯನ್ ಓದು ನಿಲ್ಲಿಸಿದ. ಲೊರೆಂಜೊ ಮತ್ತು ಲೂಯಿಸ್ ಅಡುಗೆ, ಕೇಟರಿಂಗ್ ಕಡೆ ತಿರುಗಿದರು. ಆಸ್ಕರ್ ಎಂಜಿನಿಯರಿಂಗ್ ಮುಗಿಸಿ, ತಾನಾಗಿಯೇ ಮೆಕ್ಸಿಕೋಗೆ ಹೋಗಿ, 2010ರಲ್ಲಿ ವೀಸಾ ಪಡೆದು ಮರಳಿ ಅಮೆರಿಕದ ಸೇನೆ ಸೇರಿದ.

ಈಗೀಗ ಕ್ಲಬ್ಬೂ ಆಟವೂ ಇನ್ನೊಂದು ಲೆಕ್ಕಕ್ಕೆ ಸೇರಿಬಿಟ್ಟಿವೆ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ 'ಕಾಮನ್ ಆ್ಯಪ್' ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತೇ ಸಾಲು. ಒಂದೊಂದರ ವಿವರಣೆಗೆ 150 ಅಕ್ಷರ. ನಾಲ್ಕು ವರ್ಷದ ಸಂಜೆಗಳೆಲ್ಲ ಅಷ್ಟರಲ್ಲಿ ಹಿಡಿಯಬೇಕು. ಹೈಸ್ಕೂಲಿನಲ್ಲಿ ಆಡಿದವರ ಪೈಕಿ ಕಾಲೇಜು ತಂಡ ಸೇರುವವರು ನೂರಕ್ಕೆ ಸುಮಾರು ಏಳು ಮಂದಿ. ಆದರೂ ಆಟಗಾರರಿಗೆ ಪ್ರತಿಷ್ಠಿತ ಕಾಲೇಜುಗಳಲ್ಲಿ ಪ್ರವೇಶ ಸುಲಭ. ಆ ಬಾಗಿಲು ಎಷ್ಟು ಬೆಲೆಬಾಳುತ್ತದೆ ಎಂಬುದು 2019ರಲ್ಲಿ ಬಯಲಾಯಿತು. ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರಿಂದ ಹಣ ಪಡೆದು, ದೋಣಿಯ ಹುಟ್ಟು ಹಾಕಿಯೇ ಗೊತ್ತಿಲ್ಲದ ಮಕ್ಕಳನ್ನು ರೋಯಿಂಗ್ ಪಟುಗಳೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಸೀಟು ಕೊಡಿಸಿದ್ದ. ವ್ಯಾಯಾಮ ಯಂತ್ರದ ಮೇಲೆ ಕೂರಿಸಿ ತೆಗೆದ ಫೋಟೊಗಳೂ ಸಾಕ್ಷ್ಯವಾದವು. ಅವನಿಗೆ 42 ತಿಂಗಳ ಸೆರೆ ಆಯಿತು.

ಸ್ವಭಾವಕ್ಕೂ ಅಂಕ ಉಂಟು. ಪ್ರವೇಶದಲ್ಲಿ ಏಷ್ಯಾ ಮೂಲದವರಿಗೆ ಭೇದ ಮಾಡುತ್ತಾರೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧ ಹೂಡಿದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ, ಸೀಟಿಗೆ ಅರ್ಜಿ ಹಾಕಿದವರ ವ್ಯಕ್ತಿತ್ವಕ್ಕೇ ಪ್ರತ್ಯೇಕ ಶ್ರೇಣಿ ಕೊಡುವ ಕ್ರಮ ಜಗಜ್ಜಾಹೀರಾಯಿತು. ಏಷ್ಯಾ ಮೂಲದವರು ಓದಿನಲ್ಲಿ, ಚಟುವಟಿಕೆಗಳಲ್ಲಿ ಸರಾಸರಿ ಮುಂದಿದ್ದರೂ ಈ ಶ್ರೇಣಿಯಲ್ಲಿ ಹಿಂದಿದ್ದರು. ಕೆಳಗಿನ ಕೋರ್ಟು ಇದರಲ್ಲಿ ಉದ್ದೇಶಪೂರ್ವಕ ಭೇದ ಕಾಣಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನೇ ರದ್ದು ಮಾಡಿತು. ಅಲ್ಲಿನ ಭಾರತೀಯ ಮನೆಗಳಿಗೆ, ಅದರಲ್ಲಿ ಕನ್ನಡದ ಮನೆಗಳಿಗೂ, ಇದು ದೂರದ ಸುದ್ದಿಯಲ್ಲ. ಅಂಕಕ್ಕೆ ಟ್ಯೂಷನ್ ಇಡಿಸಬಹುದು, ಹಸನ್ಮುಖಕ್ಕೆ ಯಾರ ಬಳಿ ಕಳಿಸುವುದು?

ಅರ್ಜಿಗಳು ಹೊಸ ವರ್ಷದ ಹೊತ್ತಿಗೆ ಬಹುತೇಕ ಮುಗಿಯುತ್ತವೆ. ಮಾರ್ಚ್ ಕೊನೆಗೆ ಉತ್ತರ ಬರುತ್ತದೆ. ಆಮೇಲೆ ಸೀನಿಯರ್‌ಗಳಿಗೆ ಹಿಡಿಯುವ ಸೋಮಾರಿತನಕ್ಕೆ ಅಲ್ಲಿ 'ಸೀನಿಯರೈಟಿಸ್' ಎಂದು ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. ಹಾಜರಿ ಇಳಿಯುತ್ತದೆ, ಹೋಮ್‌ವರ್ಕ್ ನಿಲ್ಲುತ್ತದೆ. ಆಗ ಕ್ಲಬ್ಬಿಗೆ ಬರುವವರು ಅರ್ಜಿಗಾಗಿ ಬಂದವರಲ್ಲ ಎಂದು ನಂಬಬಹುದು. ಆದರೆ ಕಾಲೇಜುಗಳು ಬೇಸಿಗೆಯಲ್ಲಿ ಕೊನೆಯ ಅಂಕಪಟ್ಟಿ ತರಿಸಿಕೊಳ್ಳುತ್ತವೆ. ತೀರಾ ಕುಸಿದಿದ್ದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವುದೂ ಉಂಟು.